ಬ್ಯಾಟರಿ ಗಾಡಿಯೋ, ಹೈಡ್ರೋಜನ್ ಗಾಡಿಯೋ: ಅಂಕಿ ಇಟ್ಕೊಂಡು ಮಾತಾಡೋಣ

ದಾರಿಲೆಕ್ಕ

ಈ ವಿಷಯ ಎಲ್ಲಿ ಬಂದರೂ ಎರಡೇ ಮಾತು. ಒಬ್ಬರು "ಹೈಡ್ರೋಜನ್ ಕಥೆ ಮುಗೀತು" ಅಂತಾರೆ, ಇನ್ನೊಬ್ಬರು "ಐದು ನಿಮಿಷದಲ್ಲಿ ಫುಲ್ ಟ್ಯಾಂಕ್, ಹೊಗೆ ಬದಲು ನೀರು" ಅಂತಾರೆ. ಲೆಕ್ಕ ತೋರಿಸೋರು ಮಾತ್ರ ಕಮ್ಮಿ. ನನಗೆ ಬೇಕಿರೋದು ಇಷ್ಟು: ಒಂದೇ ಕರೆಂಟಿನಲ್ಲಿ ಎರಡೂ ಗಾಡಿ ಎಷ್ಟು ದೂರ ಹೋಗ್ತವೆ? ಐದು ನಿಮಿಷದ ಮಾತು ಬಂಕಿನಲ್ಲಿ ನಿಜಕ್ಕೂ ನಡೆಯುತ್ತಾ? ಲಾರಿ, ಬಸ್ಸುಗಳಿಗೆ ಮುಂದಿನ ಹತ್ತು ವರ್ಷಕ್ಕೆ ಯಾವುದು ಸರಿ? ಕೆಟ್ಟರೆ ಏನು ಕೆಡುತ್ತೆ ಅನ್ನೋದೂ ಬರಲಿ. ಜಾಹೀರಾತಿನ ಸಾಲು ಬೇಡ.

ಗ್ರಿಡ್_ಗಣಿತ

ಮೊದಲನೆಯದು ಸುಲಭ, ಕೂಡಿ ಕಳೆಯುವ ಲೆಕ್ಕ.

1 ಕೆ.ಜಿ. ಹೈಡ್ರೋಜನ್‌ನಲ್ಲಿ ಬಳಕೆಗೆ ಸಿಗುವ ಶಕ್ತಿ 33.3 ಯೂನಿಟ್ (ಕಿಲೋವ್ಯಾಟ್-ಅವರ್). ನೀರನ್ನು ಒಡೆದು ಅದನ್ನು ತಯಾರಿಸಲು ರೆಕ್ಟಿಫೈಯರ್, ಪಂಪು, ಡ್ರೈಯರ್ ಎಲ್ಲ ಸೇರಿ 52ರಿಂದ 55 ಯೂನಿಟ್ ಬೇಕು. ಕಾರಿಗೆ 700 ಬಾರ್‌ನಲ್ಲಿ (ಗಾಳಿಯ ಮಾಮೂಲಿ ಒತ್ತಡದ ಸುಮಾರು 700 ಪಟ್ಟು) ತುಂಬಬೇಕಾದ್ದರಿಂದ ಒತ್ತಲು ಮತ್ತು ತಣಿಸಲು ಇನ್ನೊಂದು 4-5 ಯೂನಿಟ್. ಅಲ್ಲಿಗೆ ಕೆ.ಜಿ.ಗೆ 58 ಯೂನಿಟ್ ಅಂತ ಇಟ್ಟುಕೊಳ್ಳಿ. ಎರಡನೇ ತಲೆಮಾರಿನ ಟೊಯೊಟಾ ಮಿರಾಯ್ ಟ್ಯಾಂಕಿನಲ್ಲಿ 5.6 ಕೆ.ಜಿ. ಹಿಡಿಯುತ್ತದೆ, ಅಮೆರಿಕದ ಅಧಿಕೃತ ಪರೀಕ್ಷೆಯಲ್ಲಿ ಸುಮಾರು 647 ಕಿ.ಮೀ. ಅಂದರೆ ಕೆ.ಜಿ.ಗೆ 115 ಕಿ.ಮೀ. ಹಾಗಾಗಿ 100 ಕಿ.ಮೀ.ಗೆ ಗ್ರಿಡ್‌ನಿಂದ ಎಳೆದದ್ದು 50 ಯೂನಿಟ್.

ಅದೇ ಗಾತ್ರದ ಬ್ಯಾಟರಿ ಕಾರು 100 ಕಿ.ಮೀ.ಗೆ ಬ್ಯಾಟರಿಯಿಂದ 16-18 ಯೂನಿಟ್ ತಿನ್ನುತ್ತದೆ. ಚಾರ್ಜಿಂಗ್‌ನಲ್ಲಿ ಹೋಗುವ ಶೇ 10, ತಂತಿಯಲ್ಲಿ ಹೋಗುವ ಶೇ 5-6 ಸೇರಿಸಿದರೂ 21 ದಾಟುವುದಿಲ್ಲ. ಎರಡೂವರೆ ಪಟ್ಟಿನ ಅಂತರ.

ಇದು ಬಂಕಿನಲ್ಲೇ ಹೈಡ್ರೋಜನ್ ತಯಾರಾದರೆ ಮಾತ್ರ. ಬೇರೆ ಕಡೆಯಿಂದ ತರಿಸಿದರೆ ಇನ್ನೂ ಕಷ್ಟ. 200 ಬಾರ್‌ನ ಉಕ್ಕಿನ ಕೊಳವೆಗಳಿರುವ 40 ಟನ್ ಟ್ರೇಲರ್ ಹೊತ್ತು ತರುವ ಹೈಡ್ರೋಜನ್ 300-400 ಕೆ.ಜಿ. ಮಾತ್ರ, ಉಳಿದದ್ದೆಲ್ಲ ಕಬ್ಬಿಣದ ತೂಕ. ಕಾರ್ಬನ್ ಫೈಬರ್ ಸಿಲಿಂಡರ್‌ಗಳ ಹೊಸ ಟ್ರೇಲರ್‌ಗಳು ಒಂದು ಟನ್ ಮುಟ್ಟುತ್ತವೆ. ದ್ರವ ಮಾಡಿ ತಂದರೆ ಮೂರು-ನಾಲ್ಕು ಟನ್ ಹಿಡಿಯುತ್ತದೆ. ಆದರೆ ಮೈನಸ್ 253 ಡಿಗ್ರಿಗೆ ಇಳಿಸಲು ಕೆ.ಜಿ.ಗೆ 10ರಿಂದ 13 ಯೂನಿಟ್ ಬೇರೆ ಸುಡಬೇಕು.

ಮಿಕ್ಕ ನಷ್ಟ ಗಾಡಿಯೊಳಗೆ. ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯೆಲ್ ಸೆಲ್ ಹಗುರ ಲೋಡಿನಲ್ಲಿ ಅದರ ಶಕ್ತಿಯ ಶೇ 60ರವರೆಗೆ ಕೊಡುತ್ತದೆ, ಪೂರ್ತಿ ಒತ್ತಿದರೆ ಶೇ 45ರ ಹತ್ತಿರಕ್ಕೆ ಬೀಳುತ್ತದೆ.

ಸ್ಟ್ಯಾಕ್_ಬಿಚ್ಚು

ಗಣಿತ ಸರಿ ಇದೆ ಸರ್, ತಕರಾರಿಲ್ಲ. ಆದ್ರೆ ದಕ್ಷತೆ ಒಂದನ್ನೇ ನೋಡಿ ತೀರ್ಪು ಕೊಡೋದಾದ್ರೆ ಡೀಸೆಲ್ ಲಾರಿ ಯಾವತ್ತೋ ನಿಲ್ಲಬೇಕಿತ್ತು. ಹೊರುವವನಿಗೆ ತೂಕದ ಲೆಕ್ಕವೂ ಇದೆ.

ಭಾರಿ ಲಾರಿಗೆ ಇನ್ನು 125 ಕಿ.ಮೀ. ಓಟ ಸೇರಿಸಬೇಕು ಅಂದ್ಕೊಳ್ಳಿ. ಹೈಡ್ರೋಜನ್ ಲಾರಿ 100 ಕಿ.ಮೀ.ಗೆ ಸುಮಾರು 8 ಕೆ.ಜಿ. ಕುಡಿಯುತ್ತೆ, ಹಾಗಾಗಿ 10 ಕೆ.ಜಿ. ಹೆಚ್ಚು ಬೇಕು. ಟ್ಯಾಂಕಿನ ತೂಕದಲ್ಲಿ ಶೇ 5-6 ಮಾತ್ರ ಹೈಡ್ರೋಜನ್ ಇರುತ್ತೆ, ಅಂದ್ರೆ ಟ್ಯಾಂಕು, ವಾಲ್ವು, ಪಟ್ಟಿ ಎಲ್ಲ ಸೇರಿ 200 ಕೆ.ಜಿ. ಅದೇ ಓಟಕ್ಕೆ ಬ್ಯಾಟರಿಯಲ್ಲಿ 150 ಯೂನಿಟ್ ಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕ್ ಕೆ.ಜಿ.ಗೆ 150 ವ್ಯಾಟ್-ಅವರ್ ಅಂತ ಹಿಡಿದ್ರೂ ಸರಿಯಾಗಿ ಒಂದು ಟನ್.

ಜಾಗದ ಕಥೆ ಮಾತ್ರ ಹೈಡ್ರೋಜನ್‌ಗೆ ಅಷ್ಟು ಒಲಿಯಲ್ಲ. 700 ಬಾರ್‌ನಲ್ಲೂ ಲೀಟರ್‌ಗೆ 40 ಗ್ರಾಂ ಅಷ್ಟೇ ಕೂರುತ್ತೆ, 350 ಬಾರ್‌ನಲ್ಲಿ 24. ಆ 10 ಕೆ.ಜಿ.ಗೆ ಒಳಗಿನ ಅಳತೆಯೇ 250 ಲೀಟರ್, 350 ಬಾರ್ ಆದ್ರೆ 415. ಟ್ಯಾಂಕು ಸಿಲಿಂಡರ್ ಆಕಾರದಲ್ಲೇ ಇರಬೇಕು, ಬ್ಯಾಟರಿ ಥರ ನೆಲಕ್ಕೆ ಚಪ್ಪಟೆಯಾಗಿ ಹಾಸೋಕೆ ಆಗಲ್ಲ. ಲಾರಿ ಕ್ಯಾಬಿನ್ ಹಿಂದೆ ಟ್ಯಾಂಕುಗಳ ಗೋಡೆ ಕಾಣೋದು ಇದಕ್ಕೇ.

ಇನ್ನು ಬಿಸಿಲು, ಗಾಳಿಯ ಕರೆಂಟು ಮಿಕ್ಕಾಗ ಅದನ್ನ ಹೈಡ್ರೋಜನ್ ಮಾಡಿ ತಿಂಗಳುಗಟ್ಟಲೆ ಇಡಬಹುದು. ಬ್ಯಾಟರಿಯಲ್ಲಿ ಈ ಕೆಲಸ ಗಿಟ್ಟಲ್ಲ.

ಗ್ರಿಡ್_ಗಣಿತ

ಮಿಕ್ಕ ಕರೆಂಟಿನ ವಾದ ಕೇಳೋಕೆ ಚೆಂದ. ಆದರೆ ವರ್ಷಕ್ಕೆ 8,760 ಗಂಟೆ. ಮಿಕ್ಕಾಗ ಮಾತ್ರ ಓಡಿಸುತ್ತೇನೆ ಅಂದರೆ ಎಲೆಕ್ಟ್ರೊಲೈಸರ್ (ನೀರು ಒಡೆಯುವ ಯಂತ್ರ) ಅದರಲ್ಲಿ ಬಹುಪಾಲು ಹೊತ್ತು ಸುಮ್ಮನೆ ಕೂರುತ್ತದೆ, ಹಾಕಿದ ಬಂಡವಾಳದ ಬಡ್ಡಿ ಕೂರುವುದಿಲ್ಲ. ದಿನಪೂರ್ತಿ ಓಡಿಸಿದರೆ ಅದು ಮಿಕ್ಕ ಕರೆಂಟಲ್ಲ. ಎರಡರಲ್ಲಿ ಒಂದನ್ನೇ ಹೇಳಬೇಕು.

ತಿಂಗಳುಗಟ್ಟಲೆ ಶೇಖರಣೆಯ ಮಾತು ಒಪ್ಪುತ್ತೇನೆ. ಅದು ನೆಲದಡಿಯ ಉಪ್ಪಿನ ಗುಹೆಗಳಲ್ಲಿ ತುಂಬಿಡುವ, ವಿದ್ಯುತ್ ಸ್ಥಾವರಗಳ ವಿಷಯ, ಗಾಡಿಯದ್ದಲ್ಲ.

ನಾಝಲ್700

ಐದು ನಿಮಿಷದ ಪ್ರಶ್ನೆಗೆ ಬರ್ತೀನಿ. ಸುಳ್ಳಲ್ಲ, ಆದ್ರೆ ಮೊದಲ ಮೂರ್ನಾಲ್ಕು ಕಾರಿಗೆ ಮಾತ್ರ ಅಂತ ಸೇರಿಸಿ ಹೇಳ್ಬೇಕು.

ಟ್ಯಾಂಕಿಗೆ ಅನಿಲ ನುಗ್ಗಿಸಿದಾಗ ಒಳಗೆ ಒತ್ತಡ ಏರಿ ಬಿಸಿ ಆಗುತ್ತೆ. ಟ್ಯಾಂಕಿನ ಒಳಪದರ ಪ್ಲಾಸ್ಟಿಕ್, ಹೊರಗೆ ಕಾರ್ಬನ್ ಫೈಬರ್ ಮತ್ತು ರೆಸಿನ್. 85 ಡಿಗ್ರಿ ದಾಟೋ ಹಾಗಿಲ್ಲ. ಅದಕ್ಕೆ ಅನಿಲವನ್ನ ಮೊದಲೇ ಮೈನಸ್ 40ರ ಹತ್ತಿರಕ್ಕೆ ತಣಿಸಿ ಬಿಡ್ತಾರೆ. ಹೈಡ್ರೋಜನ್ ತುಂಬೋ ವಿಧಾನದ ಎಸ್‌ಎಇ ಜೆ2601 ನಿಯಮದ ಪ್ರಕಾರ ಕಾರಿಗೆ ಸೆಕೆಂಡಿಗೆ 60 ಗ್ರಾಂ ಗರಿಷ್ಠ. ನಾಝಲ್ ಲಾಕ್ ಆದ್ಮೇಲೆ ಬಂಕಿನ ಮೆಷಿನ್ ಒಂದು ಚಿಕ್ಕ ಪಲ್ಸ್ ಬಿಟ್ಟು ಸೋರಿಕೆ ಇದೆಯಾ, ಟ್ಯಾಂಕಿನಲ್ಲಿ ಈಗ ಎಷ್ಟು ಒತ್ತಡ ಇದೆ ಅಂತ ನೋಡುತ್ತೆ. ಗಾಡಿ ತನ್ನ ಟ್ಯಾಂಕಿನ ಉಷ್ಣತೆ, ಒತ್ತಡವನ್ನ ನಾಝಲ್ ಪಕ್ಕದ ಇನ್‌ಫ್ರಾರೆಡ್ ಕಿಂಡಿಯಿಂದ ಕಳಿಸುತ್ತೆ. ಹೊರಗಿನ ಹವೆ, ಒಳಗಿನ ಒತ್ತಡ ಎರಡೂ ನೋಡಿ ನಿಮಿಷಕ್ಕೆ ಎಷ್ಟು ಬಾರ್ ಏರಿಸ್ಬೇಕು ಅಂತ ಲೆಕ್ಕ ಹಾಕ್ಕೊಂಡು ತುಂಬೋಕೆ ಶುರು. ಮಧ್ಯೆ ಒಮ್ಮೆ ನಿಂತು ಮತ್ತೆ ಸೋರಿಕೆ ಪರೀಕ್ಷೆ. ಆ ನಿಲುಗಡೆ ನೋಡಿ ಮೆಷಿನ್ ಕೆಟ್ಟಿತು ಅಂದ್ಕೊಂಡು ಬಟನ್ ಒತ್ತಿ ಅರ್ಧಕ್ಕೇ ನಿಲ್ಲಿಸೋರು ಇದ್ದಾರೆ. ಮುಟ್ಟಬೇಡಿ.

5 ಕೆ.ಜಿ.ಯನ್ನ 4 ನಿಮಿಷದಲ್ಲಿ ತುಂಬೋದು ಅಂದ್ರೆ ಆ ಪೈಪಿನಲ್ಲಿ ಹರಿಯೋ ಶಕ್ತಿ ಸರಾಸರಿ 2.5 ಮೆಗಾವ್ಯಾಟ್. ಅರ್ಧ ಫ್ಯೂಯೆಲ್ ಸೆಲ್‌ನಲ್ಲೇ ಹೋದ್ರೂ ಮಿಕ್ಕಿದ್ದು ಇವತ್ತಿನ ಯಾವ ಸಾಮಾನ್ಯ ಫಾಸ್ಟ್ ಚಾರ್ಜರ್‌ಗಿಂತಲೂ ಹೆಚ್ಚು. ಹೈಡ್ರೋಜನ್‌ನ ನಿಜವಾದ ಬಲ ಇರೋದು ಇಲ್ಲಿ.

ಈಗ ಕೆಡೋದರ ಕಥೆ. ಬಂಕಿನಲ್ಲಿ ಬೇರೆ ಬೇರೆ ಒತ್ತಡದ ಶೇಖರಣೆ ಸಾಲುಗಳಿರ್ತವೆ, ಕಮ್ಮಿ ಒತ್ತಡದ್ದರಿಂದ ಶುರು ಮಾಡಿ ಕೊನೆಗೆ 900 ಬಾರ್ ಸುಮಾರಿನ ಸಾಲಿನಿಂದ ಮುಗಿಸ್ತಾರೆ. ಬೆನ್ನುಬೆನ್ನಿಗೆ ಕಾರು ಬಂದ್ರೆ ಈ ಕೊನೇ ಸಾಲು ಬರಿದಾಗುತ್ತೆ, ಕಂಪ್ರೆಸರ್ ಅದನ್ನ ಮತ್ತೆ ಏರಿಸೋವರೆಗೆ ಹಿಂದಿನವರು ಕಾಯಬೇಕು, ಇಲ್ಲ ಅರ್ಧ ಟ್ಯಾಂಕಿಗೆ ಹೊರಡಬೇಕು. ಅನಿಲ ತಣಿಸೋ ಚಿಲ್ಲರ್ ಸೋತ್ರೆ ಮೆಷಿನ್ ತಾನಾಗೇ ನಿಧಾನವಾಗಿ ತುಂಬೋ ಕ್ರಮಕ್ಕೆ ಇಳಿಯುತ್ತೆ, ಇಲ್ಲ ನಿಂತೇ ಹೋಗುತ್ತೆ. ಕಂಪ್ರೆಸರಿನ ಸೀಲು, ಡಯಾಫ್ರಮ್ ಹರಿಯೋದು ಬಂಕ್ ಮುಚ್ಚೋಕೆ ಬಹಳ ಸಲ ಕಾರಣ. ಒಂದೇ ಕಂಪ್ರೆಸರ್ ಇರೋ ಬಂಕಿನಲ್ಲಿ ಒಂದು ಸೀಲ್ ಹೋದ್ರೆ ಊರಿಗೆಲ್ಲ ಇಂಧನ ಬಂದ್. ಚಾರ್ಜಿಂಗ್ ಕೇಂದ್ರದಲ್ಲಿ ಎಂಟು ಗನ್ನಿನಲ್ಲಿ ಒಂದು ಕೆಟ್ರೆ ಏಳು ಉಳೀತಾವೆ.

ಇನ್ನೊಂದು, ನಾಝಲ್ ಹೆಪ್ಪುಗಟ್ಟಿ ಗಾಡಿಗೇ ಅಂಟಿಕೊಳ್ಳೋದು. ತೇವದ ಹವೆಯಲ್ಲಿ ಮೈನಸ್ 40ರ ಲೋಹದ ಮೇಲೆ ನೀರು ಕೂತು ಮಂಜಾಗುತ್ತೆ. ಜಗ್ಗಬೇಡಿ, ಬಿಸಿನೀರು ಸುರೀಬೇಡಿ, ಸೀಲು ಹಾಳಾಗುತ್ತೆ. ಒಂದೆರಡು ನಿಮಿಷ ಬಿಟ್ರೆ ತಾನೇ ಬಿಡುತ್ತೆ. ಸರಿಯಾಗಿ ಕಟ್ಟಿದ ಬಂಕಿನಲ್ಲಿ ನಾಝಲ್ ಬಾಯಿಗೆ ಒಣ ಗಾಳಿ ಅಥವಾ ನೈಟ್ರೋಜನ್ ಊದೋ ವ್ಯವಸ್ಥೆ ಇರುತ್ತೆ.

ಹೊಸಚಕ್ರ

700 ಬಾರ್ ಅಂತ ಓದೋವಾಗಲೇ ಎದೆ ಧಸಕ್ ಅನ್ನುತ್ತೆ. ಗುದ್ದಿಕೊಂಡ್ರೆ? ಬೆಂಕಿ ಬಿದ್ರೆ? ಬ್ಯಾಟರಿಗಿಂತ ಅಪಾಯಾನಾ?

ನಾಝಲ್700

ಅಪಾಯದ ಜಾತಿ ಬೇರೆ. ಕಾರಿನ ಟ್ಯಾಂಕಿಗೆ ಶಾಖಕ್ಕೆ ತೆರೆಯೋ ವಾಲ್ವ್ ಇರುತ್ತೆ, ಸುಮಾರು 110 ಡಿಗ್ರಿಗೆ ಕರಗಿ ಅನಿಲವನ್ನೆಲ್ಲ ಒಂದೇ ದಿಕ್ಕಿಗೆ ಹೊರಬಿಡುತ್ತೆ. ಟ್ಯಾಂಕ್ ಸಿಡಿಯೋದನ್ನ ತಪ್ಪಿಸೋದೇ ಅದರ ಕೆಲಸ. ಹೈಡ್ರೋಜನ್ ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಹೊತ್ತಿಕೊಳ್ಳುತ್ತೆ, ಕಿಡಿ 0.02 ಮಿಲಿಜೂಲ್ ಇದ್ರೂ ಸಾಕು. ಜ್ವಾಲೆ ಹಗಲಿನಲ್ಲಿ ಹೆಚ್ಚುಕಮ್ಮಿ ಕಾಣಲ್ಲ. ಬಯಲಿನಲ್ಲಿ ಬೇಗ ಮೇಲೇರಿ ಚದುರಿಹೋಗುತ್ತೆ, ಸೂರಿನ ಕೆಳಗೆ ಸಿಕ್ಕಿಹಾಕ್ಕೊಂಡ್ರೆ ಕಷ್ಟ.

ಇದುವರೆಗಿನ ದೊಡ್ಡ ಪಾಠ ಬಂಕಿನದು. ನಾರ್ವೆಯ ಸ್ಯಾಂಡ್‌ವಿಕಾ ಹತ್ತಿರ 2019ರ ಜೂನ್ 10ರಂದು ಬಂಕ್ ಸ್ಫೋಟಿಸಿತು. ತನಿಖೆಯಲ್ಲಿ ಸಿಕ್ಕಿದ್ದು ಅಧಿಕ ಒತ್ತಡದ ಶೇಖರಣಾ ಟ್ಯಾಂಕಿನ ಪ್ಲಗ್ ಜೋಡಣೆಯ ದೋಷ: ಬೋಲ್ಟ್‌ಗಳನ್ನ ಬೇಕಾದಷ್ಟು ಬಿಗಿ ಮಾಡಿರಲಿಲ್ಲ. ಟಾರ್ಕ್ ರೆಂಚ್ ಹಿಡಿದು ಮಾಡಬೇಕಾದ ಕೆಲಸ, ಗುರುತು ಹಾಕಿ ಎರಡನೆಯವರು ನೋಡಬೇಕಾದ ಕೆಲಸ.

ಬ್ಯಾಟರಿ ಬೆಂಕಿ ನಿಧಾನಕ್ಕೆ ಬಂದು ಬಹಳ ಹೊತ್ತು ಕಾಡುತ್ತೆ. ಒಂದು ಸೆಲ್‌ನಿಂದ ಪಕ್ಕದ್ದಕ್ಕೆ ದಾಟುತ್ತೆ, ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಪ್ಯಾಕ್ ತಳಕ್ಕೇ ನೀರು ಬೀಳಬೇಕು. ಗಾಡಿಯನ್ನ ಕನಿಷ್ಠ ಒಂದೆರಡು ದಿನ ಬೇರೆ ಗಾಡಿ, ಕಟ್ಟಡಗಳಿಂದ ದೂರ ನಿಲ್ಲಿಸಬೇಕು.

ಡಿಪೋ_ಪಾಳಿ

ಕಾರಿನ ಮಾತು ಸಾಕು, ಅದು ಇತ್ಯರ್ಥ ಆಗಿದೆ. ಬಸ್ ಡಿಪೋ ಲೆಕ್ಕ ಹಾಕೋಣ, ಆಮೇಲೆ ಲಾರಿ.

40 ಬಸ್ಸು, ಒಂದೊಂದೂ ದಿನಕ್ಕೆ 250 ಕಿ.ಮೀ. ಬ್ಯಾಟರಿ ಬಸ್ಸು ಕಿ.ಮೀ.ಗೆ 1.2 ಯೂನಿಟ್ ತಿಂದ್ರೆ ಒಂದಕ್ಕೆ 300, ಒಟ್ಟು 12,000, ಚಾರ್ಜಿಂಗ್ ನಷ್ಟ ಸೇರಿ 13,000 ಯೂನಿಟ್. ರಾತ್ರಿ ನಿಲ್ಲೋದು ಏಳು ಗಂಟೆ, ಹಾಗಾದ್ರೆ ಸರಾಸರಿ 1.9 ಮೆಗಾವ್ಯಾಟ್. ಎಲ್ಲರೂ ತಪ್ಪೋದು ಇಲ್ಲೇ: 120 ಕಿಲೋವ್ಯಾಟ್‌ನ 40 ಚಾರ್ಜರ್ ಅಂತ ಗುಣಿಸಿ 4.8 ಮೆಗಾವ್ಯಾಟ್ ಸಂಪರ್ಕಕ್ಕೆ ಅರ್ಜಿ ಹಾಕ್ತಾರೆ, ಆಮೇಲೆ ಸಬ್‌ಸ್ಟೇಷನ್ ಖರ್ಚು ನೋಡಿ ಯೋಜನೆಯನ್ನೇ ಕೈಬಿಡ್ತಾರೆ. ಲೋಡ್ ಹಂಚೋ ಸಾಫ್ಟ್‌ವೇರ್ ಇದ್ರೆ ಎರಡು ಮೆಗಾವ್ಯಾಟ್‌ಗಿಂತ ಸ್ವಲ್ಪ ಹೆಚ್ಚಿದ್ರೆ ಸಾಕು. ಬೆಳಗ್ಗೆ ಮೊದಲು ಹೊರಡೋ ಬಸ್ಸಿಗೆ ಮೊದಲ ಸರದಿ ಕೊಟ್ರೆ ಆಯ್ತು.

ಈಗ ಅದೇ ಡಿಪೋ ಹೈಡ್ರೋಜನ್‌ನಲ್ಲಿ. 100 ಕಿ.ಮೀ.ಗೆ 8 ಕೆ.ಜಿ., ಬಸ್ಸಿಗೆ 20, ಒಟ್ಟು ದಿನಕ್ಕೆ 800 ಕೆ.ಜಿ. 350 ಬಾರ್ ಆದ್ದರಿಂದ ಒತ್ತೋ ಖರ್ಚು ಸ್ವಲ್ಪ ಕಮ್ಮಿ, ಆದ್ರೂ ಕೆ.ಜಿ.ಗೆ 56 ಅಂದ್ರೂ 45,000 ಯೂನಿಟ್. ದಿನದ 24 ಗಂಟೆಯೂ ಎಲೆಕ್ಟ್ರೊಲೈಸರ್ ಓಡಿದ್ರೆ 1.9 ಮೆಗಾವ್ಯಾಟ್. ನೋಡಿ, ಎರಡಕ್ಕೂ ಬೇಕಾಗೋ ಸಂಪರ್ಕ ಒಂದೇ ಗಾತ್ರ! ಮೀಟರ್ ಮಾತ್ರ ಮೂರೂವರೆ ಪಟ್ಟು ಓಡುತ್ತೆ. ಗ್ರಿಡ್ ಸಾಲದು, ಅದಕ್ಕೆ ಹೈಡ್ರೋಜನ್ ಅನ್ನೋರು ಹೊರಗಿನಿಂದ ತರಿಸ್ತೀವಿ ಅಂತಲೂ ಸೇರಿಸಿ ಹೇಳ್ಬೇಕು. ನೀರಂತೂ ಕೆ.ಜಿ.ಗೆ ಕನಿಷ್ಠ 9 ಲೀಟರ್, ಶುದ್ಧ ಮಾಡೋವಾಗ ಹೋಗೋದು ಬೇರೆ.

ಲಾರಿ. ಯುರೋಪಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಡ್ರೈವರ್ ವಿಶ್ರಾಂತಿ ಕಡ್ಡಾಯ. ಗಂಟೆಗೆ 80ರಂತೆ 360 ಕಿ.ಮೀ., ಕಿ.ಮೀ.ಗೆ 1.2 ಯೂನಿಟ್, ಒಟ್ಟು 432. ಮರ್ಸಿಡಿಸ್ ಇಆಕ್ಟ್ರೋಸ್ 600ರಲ್ಲಿ 621 ಯೂನಿಟ್ ಬ್ಯಾಟರಿ ಇದೆ. ಬಳಕೆಗೆ 590 ಹಿಡೀರಿ, ಮೊದಲ ಪಾಳಿ ಮುಗಿದಾಗ 158 ಉಳಿದಿರುತ್ತೆ. ಇನ್ನೊಂದು ಪಾಳಿಗೆ 432, ಮೀಸಲಿಗೆ 40. ಆ ಬಿಡುವಿನಲ್ಲಿ 314 ಯೂನಿಟ್ ತುಂಬಬೇಕು. ಪ್ಲಗ್ ಹಾಕಿ ತೆಗೆಯೋ ಹೊತ್ತು ಕಳೆದು 40 ನಿಮಿಷ ಅಂದ್ರೆ ಸರಾಸರಿ 470 ಕಿಲೋವ್ಯಾಟ್. ಈಗಿನ ಸಿಸಿಎಸ್ (ವೇಗದ ಚಾರ್ಜಿಂಗ್‌ನ ಸಾಮಾನ್ಯ ಮಾದರಿ) ಗನ್ನು 500 ಆಂಪಿಯರ್, 800 ವೋಲ್ಟಿಗೆ 400ರಲ್ಲಿ ನಿಲ್ಲುತ್ತೆ, ಕೂದಲೆಳೆಯಲ್ಲಿ ಸಾಲಲ್ಲ. ಮೆಗಾವ್ಯಾಟ್ ಚಾರ್ಜಿಂಗ್ ಸಿಸ್ಟಮ್ ಬಂದಿರೋದು ಇದಕ್ಕೇ, 1,250 ವೋಲ್ಟ್, 3,000 ಆಂಪಿಯರ್‌ವರೆಗೆ ಜಾಗ ಇಟ್ಟಿದ್ದಾರೆ.

ಹಾಗಾಗಿ ಗಾಡಿ ಎಷ್ಟು ದೂರ ಹೋಗುತ್ತೆ ಅಂತ ಕೇಳೋದು ಬಿಟ್ಟು ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಕೇಳಿ. ಹೇಗಿದ್ರೂ ನಿಲ್ಲೋ ಗಾಡಿಗೆ ಬ್ಯಾಟರಿ. ಇಬ್ಬರು ಡ್ರೈವರ್ ಕೂತು ನಿಲ್ಲದೇ ಓಡೋ ಗಾಡಿ, ದೂರದ ಗಣಿ, ಗ್ರಿಡ್ ಇಲ್ಲದ ದಾರಿ ಇವಕ್ಕೆ ಮಾತ್ರ ಬೇರೆ ಯೋಚನೆ.

ಸ್ಟ್ಯಾಕ್_ಬಿಚ್ಚು

ಡಿಪೋ ಅವರ ಪ್ರಶ್ನೆ ಒಪ್ಪಿದೆ. ಆ "ಬೇರೆ ಯೋಚನೆ" ಮಾಡೋರಿಗೆ ಸ್ಟ್ಯಾಕ್ (ಫ್ಯೂಯೆಲ್ ಸೆಲ್‌ಗಳ ಕಟ್ಟು) ಎಲ್ಲಿ ಕೈಕೊಡುತ್ತೆ ಅಂತ ಬರೀತೀನಿ, ಈ ಭಾಗ ಎಲ್ಲೂ ಸರಿಯಾಗಿ ಸಿಗಲ್ಲ.

ಒಂದು ಸೆಲ್ ಕೊಡೋದು 0.6ರಿಂದ 0.8 ವೋಲ್ಟ್. ಮಿರಾಯ್‌ನಲ್ಲಿ ಅಂಥ 330 ಸೆಲ್ ಒತ್ತಿ ಜೋಡಿಸಿದ್ದಾರೆ. ಸ್ಟ್ಯಾಕ್ ಸಮನಾಗಿ ಓಡೋವಾಗ ಸವೆಯೋದು ಕಮ್ಮಿ. ಸ್ಟಾರ್ಟ್ ಮಾಡಿದಾಗ, ನಿಲ್ಲಿಸಿದಾಗ, ಲೋಡ್ ಇಲ್ಲದೆ ಸುಮ್ಮನೆ ಬಿಟ್ಟಾಗ ಹೆಚ್ಚು. ಲೋಡ್ ಇಲ್ಲದಾಗ ಸೆಲ್ ವೋಲ್ಟೇಜ್ 0.85 ದಾಟಿ ಪ್ಲಾಟಿನಮ್ (ಸೆಲ್‌ನ ವೇಗವರ್ಧಕ) ಕರಗಿ ಕಣ ದಪ್ಪವಾಗುತ್ತೆ. ನಿಂತ ಸ್ಟ್ಯಾಕಿನೊಳಗೆ ಗಾಳಿ ಸೇರಿಕೊಂಡು, ಮತ್ತೆ ಹೈಡ್ರೋಜನ್ ಬಿಟ್ಟಾಗ ಎರಡೂ ಸೇರೋ ಗಡಿಯಲ್ಲಿ ಪ್ಲಾಟಿನಮ್ ಹೊತ್ತ ಕಾರ್ಬನ್ ಆಧಾರವೇ ತಿಂದುಹೋಗುತ್ತೆ. ಅದಕ್ಕೇ ಎಲ್ಲ ಹೈಡ್ರೋಜನ್ ಗಾಡಿಯಲ್ಲೂ ಬ್ಯಾಟರಿ ಇದೆ, ಏರಿಳಿತ ಅದು ನುಂಗುತ್ತೆ, ಸ್ಟ್ಯಾಕ್ ಒಂದೇ ಹದದಲ್ಲಿ ಓಡುತ್ತೆ. ಹ್ಯೂಂಡೈ ಎಕ್ಸಿಯೆಂಟ್ ಲಾರಿಯಲ್ಲಿ 90 ಕಿಲೋವ್ಯಾಟ್‌ನ ಎರಡು ಫ್ಯೂಯೆಲ್ ಸೆಲ್ ಜೊತೆ 72 ಯೂನಿಟ್ ಬ್ಯಾಟರಿ ಇರೋದು ಸುಮ್ಮನೆ ಅಲ್ಲ. ಭಾರಿ ಲಾರಿಗೆ ಅಮೆರಿಕದ ಇಂಧನ ಇಲಾಖೆ ಇಟ್ಟಿರೋ ಸ್ಟ್ಯಾಕ್ ಬಾಳಿಕೆಯ ಗುರಿ 25,000 ಗಂಟೆ, ಕಾರಿಗೆ 8,000. ಲಾರಿಯದ್ದು ಎಷ್ಟು ಕಷ್ಟದ ಬೇಡಿಕೆ ಅಂತ ಇದರಲ್ಲೇ ಗೊತ್ತಾಗುತ್ತೆ.

ಇಂಧನದ ಶುದ್ಧತೆ ಐಎಸ್‌ಒ 14687 ಪ್ರಕಾರ ಶೇ 99.97. ಅದಕ್ಕಿಂತ ಮುಖ್ಯ ಮಿಕ್ಕ ಚೂರಿನಲ್ಲಿ ಏನಿದೆ ಅನ್ನೋದು. ಕಾರ್ಬನ್ ಮೊನಾಕ್ಸೈಡ್ 0.2 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ದಾಟಬಾರದು, ಗಂಧಕ 0.004. ಮೊನಾಕ್ಸೈಡ್ ಪ್ಲಾಟಿನಮ್ ಮೇಲೆ ಕೂತ್ರೂ ಶುದ್ಧ ಇಂಧನ ಹರಿದ ಮೇಲೆ ಬಹುಪಾಲು ಬಿಡುತ್ತೆ. ಗಂಧಕ ಹಿಡಿದ್ರೆ ಸುಲಭಕ್ಕೆ ಬಿಡಲ್ಲ. ಗಾಳಿ ಕಡೆಯೂ ಹಾಗೇ, ರಸ್ತೆಯ ಹೊಗೆಯಲ್ಲಿರೋ ಗಂಧಕ, ನೈಟ್ರೋಜನ್ ಆಕ್ಸೈಡ್ ತಡೆಯೋಕೆ ಇದ್ದಿಲಿನ ಪದರ ಇರೋ ಫಿಲ್ಟರ್ ಇರುತ್ತೆ. ಅಗ್ಗಕ್ಕೆ ಸಿಕ್ಕಿತು ಅಂತ ಬರೀ ಧೂಳಿನ ಫಿಲ್ಟರ್ ಹಾಕೋ ಗ್ಯಾರೇಜ್‌ನಿಂದ ದೂರ ಇರಿ.

ಕೂಲೆಂಟ್ (ತಣಿಸೋ ದ್ರವ) ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದು ನೂರಾರು ವೋಲ್ಟ್ ಇರೋ ಫಲಕಗಳ ನಡುವೆಯೇ ಹರಿಯೋದರಿಂದ ಕರೆಂಟ್ ಹರಿಸಬಾರದು. ಇನ್ಸುಲೇಷನ್ ಎಚ್ಚರಿಕೆ ದೀಪ ಬಂತು ಅಂದ ತಕ್ಷಣ ಸ್ಟ್ಯಾಕ್ ಬಿಚ್ಚೋಕೆ ಹೋಗಬೇಡಿ. ಮೊದಲು ಕೂಲೆಂಟ್ ವಾಹಕತೆ ಅಳೀರಿ. ಸೆಂ.ಮೀ.ಗೆ 5 ಮೈಕ್ರೋಸೀಮೆನ್ಸ್ ದಾಟಿದ್ರೆ ಅಯಾನ್ ಫಿಲ್ಟರ್ ಬದಲಿಸಿ, ಪಂಪ್ ಓಡಿಸಿ, ಮತ್ತೆ ಅಳೀರಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಮಾಮೂಲಿ ಹಸಿರು ಕೂಲೆಂಟ್ ಒಂದು ಲೋಟ ಟಾಪ್-ಅಪ್ ಮಾಡಿದ್ರೂ ಸಾಕು, ಇಡೀ ಸರ್ಕ್ಯೂಟ್ ತೊಳೀಬೇಕು.

ಗಾಡಿ ಆಫ್ ಮಾಡಿದ ಮೇಲೆ ಕಂಪ್ರೆಸರ್ ಸ್ವಲ್ಪ ಹೊತ್ತು ಓಡುತ್ತೆ, ಒಳಗಿನ ನೀರು ಊದಿ ಹೊರಹಾಕೋಕೆ. ಆಗ 12 ವೋಲ್ಟ್ ಬ್ಯಾಟರಿ ಕಳಚಿದ್ರೆ ನೀರು ಅಲ್ಲೇ ಉಳಿಯುತ್ತೆ, ಹೆಪ್ಪುಗಟ್ಟೋ ಚಳಿಯಲ್ಲಿ ಮಾರನೇ ದಿನ ಸ್ಟ್ಯಾಕ್ ಏಳಲ್ಲ.

ಕೊನೇದು ರೇಡಿಯೇಟರ್. ಡೀಸೆಲ್ ಇಂಜಿನ್ ತನ್ನ ಶಾಖದ ದೊಡ್ಡ ಪಾಲನ್ನ ಸೈಲೆನ್ಸರ್‌ನಲ್ಲಿ ಬಿಡುತ್ತೆ. ಫ್ಯೂಯೆಲ್ ಸೆಲ್ 70-80 ಡಿಗ್ರಿಯಲ್ಲಿ ಓಡೋದರಿಂದ ಹೆಚ್ಚುಕಮ್ಮಿ ಎಲ್ಲ ಶಾಖವೂ ರೇಡಿಯೇಟರ್ ಮೂಲಕವೇ ಹೋಗಬೇಕು. ಹೊರಗೆ 40 ಡಿಗ್ರಿ, ಮುಂದೆ ಉದ್ದನೆಯ ಘಾಟಿ, ಹಿಂದೆ ಪೂರ್ತಿ ಲೋಡು. ಶಕ್ತಿ ಕಡಿತ ಆಗೋದು ಆಗಲೇ.

ಕೋಶ_ವೋಲ್ಟ್

ಬ್ಯಾಟರಿ ಪಕ್ಷವನ್ನು ಯಾರೂ ಬಿಚ್ಚಲಿಲ್ಲ. ಅದಕ್ಕೂ ತನ್ನದೇ ರೋಗಗಳಿವೆ.

ಸೊನ್ನೆಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟ್‌ನೊಳಗೆ ಹೋಗುವ ಬದಲು ಮೇಲ್ಮೈಗೆ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಬಿಎಂಎಸ್ (ಬ್ಯಾಟರಿ ನಿಯಂತ್ರಿಸುವ ವ್ಯವಸ್ಥೆ) ಆಗ ಕರೆಂಟ್ ಇಳಿಸುತ್ತದೆ, ಚಾರ್ಜರ್ ಕೆಟ್ಟಿದೆ ಅಂತ ಬೈಯುವವರು ಹೆಚ್ಚು. ಚಾರ್ಜಿಂಗ್ ಕೇಂದ್ರವನ್ನು ಗಾಡಿಯ ನ್ಯಾವಿಗೇಷನ್‌ನಲ್ಲೇ ಆರಿಸಿದರೆ ಬಹಳ ಗಾಡಿಗಳು ದಾರಿಯಲ್ಲೇ ಪ್ಯಾಕ್ ಬೆಚ್ಚಗೆ ಮಾಡಿಕೊಳ್ಳುತ್ತವೆ.

ಎಲ್‌ಎಫ್‌ಪಿ ಪ್ಯಾಕ್ ಇರುವವರಿಗೆ ಒಂದು ಮಾತು. ಆ ಸೆಲ್‌ನ ವೋಲ್ಟೇಜ್ ಶೇ 30ರಿಂದ 80ರವರೆಗೆ 3.3ರ ಸುತ್ತಲೇ ನಿಂತಿರುತ್ತದೆ, ಎಷ್ಟು ಉಳಿದಿದೆ ಅಂತ ಬಿಎಂಎಸ್ ಊಹಿಸುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಶೇ 100 ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ. ಇಲ್ಲದಿದ್ದರೆ ಪರದೆಯಲ್ಲಿ ಶೇ 12 ತೋರಿಸುತ್ತಲೇ ಗಾಡಿ ನಿಂತುಬಿಡಬಹುದು. ಹಳೇ ಗಾಡಿ ಕೊಳ್ಳುವಾಗಲೂ ಇದೇ ಸೂತ್ರ. ಅರ್ಧ ಚಾರ್ಜಿನಲ್ಲಿ ಎಲ್ಲ ಸೆಲ್‌ಗಳೂ ಸಮ ಅಂತ ತೋರಿಸಿದರೆ ನಂಬಬೇಡಿ, ಎಲ್‌ಎಫ್‌ಪಿಯಲ್ಲಿ ಆಗ ಕೆಟ್ಟ ಸೆಲ್ಲೂ ಒಳ್ಳೆಯದರಂತೆಯೇ ಕಾಣುತ್ತದೆ. ಶೇ 15ಕ್ಕಿಂತ ಕೆಳಗೆ ಅಥವಾ 95ರ ಮೇಲೆ ಓದಿಸಿ. ಸೋತ ಸೆಲ್ ಅಲ್ಲಿ ಬೇರೆಯಾಗಿ ನಿಲ್ಲುತ್ತದೆ.

ವೇಗದ ಚಾರ್ಜಿಂಗ್‌ನಲ್ಲಿ ಗನ್ನಿನ ಪಿನ್ನು ಸವೆಯುವುದು ದೊಡ್ಡ ತಲೆನೋವು. 500 ಆಂಪಿಯರ್ ಹರಿಯುವಾಗ ಸಂಪರ್ಕದ ರೋಧ 1 ಮಿಲಿಓಮ್‌ಗೆ ಏರಿದರೆ ಅಲ್ಲಿ 250 ವ್ಯಾಟ್ ಶಾಖ. ಪಿನ್ 90 ಡಿಗ್ರಿಗೆ ಬಂದರೆ ಕರೆಂಟ್ ಇಳಿಸಲೇಬೇಕು. ಒಂದು ಗನ್ನಿನಲ್ಲಿ ಮಾತ್ರ ವೇಗ ಬೀಳುತ್ತಿದ್ದರೆ ಗಾಡಿಯನ್ನು ದೂರುವ ಮೊದಲು ಪಕ್ಕದ ಗನ್ನಿಗೆ ಹೋಗಿ ನೋಡಿ.

ಕಾಂಟ್ಯಾಕ್ಟರ್ (ಬ್ಯಾಟರಿಯ ದೊಡ್ಡ ಸ್ವಿಚ್) ಅಂಟಿಕೊಳ್ಳುವ ದೋಷದ ಕೋಡ್ ಬಂದರೆ ಅಳಿಸಿ ಓಡಿಸುವ ಹಾಗಿಲ್ಲ. ಹೆಚ್ಚಾಗಿ ಮೊದಲ ಕರೆಂಟನ್ನು ತಡೆದು ಬಿಡುವ ಪ್ರೀಚಾರ್ಜ್ ರೆಸಿಸ್ಟರ್ ಸತ್ತಿರುತ್ತದೆ, ಪೂರ್ತಿ ಕರೆಂಟ್ ಒಮ್ಮೆಲೇ ನುಗ್ಗಿ ಕಾಂಟ್ಯಾಕ್ಟರ್ ಬೆಸುಗೆಯಾಗಿರುತ್ತದೆ. ಕಾಂಟ್ಯಾಕ್ಟರ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಮುಂದಿನ ವರ್ಷಗಳ ಬಗ್ಗೆ: 2010ರಲ್ಲಿ ಪ್ಯಾಕ್ ಬೆಲೆ ಯೂನಿಟ್‌ಗೆ ಸಾವಿರ ಡಾಲರ್ ಮೇಲಿತ್ತು, 2024ರಲ್ಲಿ ಜಾಗತಿಕ ಸರಾಸರಿ 115ಕ್ಕೆ ಬಂದಿದೆ. ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2025ರಲ್ಲಿ ಕೆ.ಜಿ.ಗೆ 175 ವ್ಯಾಟ್-ಅವರ್‌ನ ಸೋಡಿಯಂ ಸೆಲ್ ತೋರಿಸಿತು, ಅದು ಎಲ್‌ಎಫ್‌ಪಿ ಹತ್ತಿರ ಬಂದ ಹಾಗೆಯೇ. ಅಲ್ಲಿನದೇ ಕಾರು ಕಂಪನಿ ಬಿವೈಡಿ ಅದೇ ವರ್ಷ 1,000 ವೋಲ್ಟ್, 1,000 ಆಂಪಿಯರ್‌ನ ಕಾರ್ ಚಾರ್ಜಿಂಗ್ ತಂದಿತು. ಘನ (ಸಾಲಿಡ್-ಸ್ಟೇಟ್) ಬ್ಯಾಟರಿ ಬಂದಾಗ ನೋಡೋಣ, ಅದನ್ನು ನಂಬಿ ಇವತ್ತಿನ ಕೊಳ್ಳುವಿಕೆ ಮುಂದೂಡುವುದು ದಡ್ಡತನ. ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಗಾಡಿ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ (ಬ್ಯಾಟರಿಯ ವಿವರಗಳ ದಾಖಲೆ) ಕಡ್ಡಾಯ, ಹಳೇ ಗಾಡಿ ಮಾರುಕಟ್ಟೆಗೆ ಇದರಿಂದ ಲಾಭ.

ದಾರಿಲೆಕ್ಕ

ಎಲ್ಲರಿಗೂ ಧನ್ಯವಾದ. ಒಂದು ಉಳೀತು: ಮಾರುಕಟ್ಟೆ ಈಗ ಎಲ್ಲಿ ನಿಂತಿದೆ, ಮತ್ತೆ ಈ ಹೈಡ್ರೋಜನ್ ಬರೋದಾದ್ರೂ ಎಲ್ಲಿಂದ?

ಗ್ರಿಡ್_ಗಣಿತ

ಎರಡನೆಯದರಿಂದ ಶುರು ಮಾಡುತ್ತೇನೆ. 2023ರಲ್ಲಿ ಜಗತ್ತು ಬಳಸಿದ ಹೈಡ್ರೋಜನ್ 9.7 ಕೋಟಿ ಟನ್. ಅದರಲ್ಲಿ ಕಡಿಮೆ ಇಂಗಾಲದ್ದು ಶೇ 1ಕ್ಕೂ ಕಮ್ಮಿ, ಮಿಕ್ಕದ್ದು ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಅನಿಲದಿಂದ ಮಾಡಿದರೆ ಕೆ.ಜಿ.ಗೆ 9-10 ಕೆ.ಜಿ. ಕಾರ್ಬನ್ ಡೈಆಕ್ಸೈಡ್. 115 ಕಿ.ಮೀ.ಗೆ ಭಾಗಿಸಿ, ಕಿ.ಮೀ.ಗೆ 80 ಗ್ರಾಂ ಆಸುಪಾಸು ಬರುತ್ತದೆ, ಒತ್ತುವ ಕರೆಂಟಿನದ್ದು ಬಿಟ್ಟು. ಒಳ್ಳೆಯ ಹೈಬ್ರಿಡ್ ಪೆಟ್ರೋಲ್ ಕಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಹಸಿರು ಹೈಡ್ರೋಜನ್ (ಬಿಸಿಲು, ಗಾಳಿಯ ಕರೆಂಟಿನಿಂದ ಮಾಡಿದ್ದು) ಬಂದಷ್ಟೂ ಮೊದಲು ಗೊಬ್ಬರ, ರಿಫೈನರಿ, ಉಕ್ಕಿಗೆ ಹೋಗಬೇಕು, ಅಲ್ಲಿ ಬೇರೆ ದಾರಿ ಕಮ್ಮಿ.

ಮಾರುಕಟ್ಟೆ: 2024ರಲ್ಲಿ ಮಾರಾಟವಾದ ಪ್ಲಗ್ ಹಾಕುವ ಕಾರುಗಳು 1.7 ಕೋಟಿ ದಾಟಿದವು (ಪ್ಲಗ್-ಇನ್ ಹೈಬ್ರಿಡ್ ಸೇರಿ). ಹೈಡ್ರೋಜನ್ ಗಾಡಿ ಜಗತ್ತಿನಾದ್ಯಂತ 13 ಸಾವಿರದ ಆಸುಪಾಸು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಶೆಲ್ ತನ್ನ ಕಾರ್ ಬಂಕುಗಳನ್ನು ಮುಚ್ಚಿತು. 2025ರ ಫೆಬ್ರವರಿಯಲ್ಲಿ ಅಮೆರಿಕದ ಹೈಡ್ರೋಜನ್ ಲಾರಿ ಕಂಪನಿ ನಿಕೋಲಾ ದಿವಾಳಿ ಅರ್ಜಿ ಹಾಕಿತು, ಜುಲೈನಲ್ಲಿ ಕಾರು ಕಂಪನಿ ಸ್ಟೆಲಾಂಟಿಸ್ ತನ್ನ ಹೈಡ್ರೋಜನ್ ಕೆಲಸ ನಿಲ್ಲಿಸಿತು. ದ್ರವ ಹೈಡ್ರೋಜನ್‌ನಲ್ಲಿ 2023ರಲ್ಲಿ ಒಂದೇ ತುಂಬುವಿಕೆಗೆ 1,047 ಕಿ.ಮೀ. ಓಡಿಸಿ ತೋರಿಸಿದ್ದ ಡೈಮ್ಲರ್ ಟ್ರಕ್ ಕೂಡ ಸರಣಿ ಉತ್ಪಾದನೆಯನ್ನು 2030ರ ದಶಕಕ್ಕೆ ತಳ್ಳಿದೆ, ಬಂಕುಗಳ ಜಾಲ ನಿಧಾನ ಅನ್ನುವ ಕಾರಣಕ್ಕೆ. ಟೊಯೊಟಾ, ಹ್ಯೂಂಡೈ, ಹೋಂಡಾ ಬಿಟ್ಟಿಲ್ಲ. ಬಿಎಂಡಬ್ಲ್ಯು 2028ಕ್ಕೆ ಕಾರು ತರುವುದಾಗಿ ಹೇಳಿದೆ. ಹೋಂಡಾ ಸಿಆರ್-ವಿಯಲ್ಲಿ ಟ್ಯಾಂಕಿನ ಜೊತೆಗೆ ಪ್ಲಗ್ ಹಾಕಬಹುದಾದ 17.7 ಯೂನಿಟ್ ಬ್ಯಾಟರಿಯನ್ನೂ ಇಟ್ಟಿದ್ದಾರೆ. ಬಂಕ್ ಮುಚ್ಚಿದ್ದರೆ ಮನೆ ಸೇರುವ ದಾರಿ ಅಂತ ನಾನು ಓದಿಕೊಂಡೆ.

ಡಿಪೋ_ಪಾಳಿ

ರೈಲನ್ನೂ ಸೇರಿಸಿ. ಅಲ್‌ಸ್ಟಾಮ್‌ನ ಹೈಡ್ರೋಜನ್ ರೈಲು 2018ರಲ್ಲಿ ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ ಪ್ರಯಾಣಿಕರನ್ನ ಹತ್ತಿಸಿತು, 2022ರಲ್ಲಿ ಪೂರ್ತಿ ಮಾರ್ಗಕ್ಕೆ ಬಂತು. ಮಾರನೇ ವರ್ಷವೇ ಅದೇ ರಾಜ್ಯದ ಸಾರಿಗೆ ಸಂಸ್ಥೆ ಮಿಕ್ಕ ಡೀಸೆಲ್ ಮಾರ್ಗಗಳಿಗೆ ಬ್ಯಾಟರಿ ರೈಲು ಅಂತ ತೀರ್ಮಾನಿಸಿತು. ತಂತಿ ಇರೋ ಕಡೆ ಓಡ್ತಾ ಚಾರ್ಜ್, ಇಲ್ಲದ ಕಡೆ ಬ್ಯಾಟರಿ. ನಿಲ್ಲೋ ಹೊತ್ತೂ ಬೇಡ!

ಹೈಡ್ರೋಜನ್ ನಿಜಕ್ಕೂ ಗೆದ್ದ ಜಾಗ ಒಂದಿದೆ, ಯಾರೂ ಹೆಸರೆತ್ತಲ್ಲ: ಗೋದಾಮಿನ ಫೋರ್ಕ್‌ಲಿಫ್ಟ್. ಮೂರು ಪಾಳಿ ಕೆಲಸ. ಸೀಸದ ಬ್ಯಾಟರಿಗೆ ಎಂಟು ಗಂಟೆ ಚಾರ್ಜು, ಅಷ್ಟೇ ಹೊತ್ತು ತಣಿಯೋಕೆ, ಅದಕ್ಕೆ ಗಾಡಿಗೆ ಮೂರು ಬ್ಯಾಟರಿ ಮತ್ತು ಬದಲಿಸೋ ಕೋಣೆ. ಹೈಡ್ರೋಜನ್ ಎರಡು-ಮೂರು ನಿಮಿಷಕ್ಕೆ ಮುಗೀತು. ಅಮೆರಿಕದಲ್ಲಿ ಹತ್ತಾರು ಸಾವಿರ ಓಡ್ತಿವೆ. ಗಾಡಿ ಹೊರಗೆ ಹೋಗಲ್ಲ, ಬಂಕ್ ಒಂದೇ ಸಾಕು, ನಿಲ್ಲೋ ಹೊತ್ತಿಗೆ ಬೆಲೆ ಇದೆ. ಈಗ ಲಿಥಿಯಂ ಬಂದು ಟೀ ಬಿಡುವಿನಲ್ಲೇ ಚಾರ್ಜ್ ಆಗೋದರಿಂದ ಅಲ್ಲೂ ಪೈಪೋಟಿ ಶುರುವಾಗಿದೆ.

ಹೊಸಚಕ್ರ

ಕೊನೇ ಪ್ರಶ್ನೆ. ಬ್ಯಾಟರಿ ಗಾಡಿ ರಿಪೇರಿ ಮಾಡೋ ಗ್ಯಾರೇಜು ಹೈಡ್ರೋಜನ್ ಗಾಡಿಯನ್ನೂ ಒಳಗೆ ತಗೋಬೇಕು ಅಂದ್ರೆ ಏನೇನು ಬದಲಾಗಬೇಕು?

ನಾಝಲ್700

ಅಧಿಕ ವೋಲ್ಟೇಜ್ ಕೆಲಸ ಎರಡಕ್ಕೂ ಒಂದೇ. ಸರ್ವಿಸ್ ಪ್ಲಗ್ (ಬ್ಯಾಟರಿ ಸಂಪರ್ಕ ಕಡಿಯೋ ಪ್ಲಗ್) ಕಿತ್ತು ಬೀಗ ಹಾಕಿ, ಕೆಪಾಸಿಟರ್ ಖಾಲಿ ಆಗೋಕೆ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5-10 ನಿಮಿಷ, ಕಾದು ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಇಡೋದು. ಮೀಟರ್ ಸರಿ ಇದೆಯಾ ಅಂತ ಮೊದಲೂ ಆಮೇಲೂ ಗೊತ್ತಿರೋ ವೋಲ್ಟೇಜ್ ಮೇಲೆ ಪರೀಕ್ಷೆ.

ಬದಲಾಗೋದು ಸೂರು. ಹೈಡ್ರೋಜನ್ ಸೆನ್ಸರ್ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಇರ್ಬೇಕು, ಎಲ್‌ಪಿಜಿ ಥರ ನೆಲದ ಹತ್ತಿರ ಅಲ್ಲ. ಎಷ್ಟೋ ಕಡೆ ಗಾಳಿಯಲ್ಲಿ ಹೈಡ್ರೋಜನ್ ಶೇ 0.4ಕ್ಕೆ ಬಂದ್ರೆ ಎಚ್ಚರಿಕೆ, ಶೇ 1ಕ್ಕೆ ಫ್ಯಾನ್ ಪೂರ್ತಿ ವೇಗ ಮತ್ತು ಮಾಮೂಲಿ ವಿದ್ಯುತ್ ಕಡಿತ ಅಂತ ಇಡ್ತಾರೆ. ತೊಲೆಗಳ ನಡುವಿನ ಗೂಡುಗಳಲ್ಲಿ ಅನಿಲ ನಿಲ್ಲದ ಹಾಗೆ ಗಾಳಿಯ ದಾರಿ ಬೇಕು, ಮೇಲಿನ ದೀಪ, ಫ್ಯಾನ್ ಮೋಟಾರ್ ಕಿಡಿ ಬಾರದ ಜಾತಿಯದ್ದಾಗಿರಬೇಕು. ವೆಲ್ಡಿಂಗ್ ಬೇರೆ ಕೋಣೆಗೆ.

ಗಾಡಿ ಒಳಗೆ ಬರೋ ಮೊದಲೇ ಟ್ಯಾಂಕ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಅನಿಲವನ್ನ ಸ್ಟ್ಯಾಕ್ ಓಡಿಸಿ ಖಾಲಿ ಮಾಡಿಸಿ. ಟ್ಯಾಂಕನ್ನೇ ಇಳಿಸೋದಿದ್ರೆ ಹೊರಗೆ ವೆಂಟ್ ಪೈಪಿನಲ್ಲಿ ನಿಧಾನಕ್ಕೆ ಖಾಲಿ ಮಾಡ್ಬೇಕು, ಆತುರ ಪಟ್ರೆ ಒಳಗೆ ವಿಪರೀತ ತಣ್ಣಗಾಗಿ ಪ್ಲಾಸ್ಟಿಕ್ ಪದರ ಫೈಬರ್‌ನಿಂದ ಬಿಟ್ಟುಕೊಳ್ಳುತ್ತೆ. ಆಮೇಲೆ ನೈಟ್ರೋಜನ್ ಹಾಯಿಸಿ ಉಳಿದ ಹೈಡ್ರೋಜನ್ ತೆಗೀಬೇಕು. ಟ್ಯಾಂಕ್ ಮೇಲೆ ಬರೆದ ಅವಧಿ ಓದಿ, 15 ಅಥವಾ 20 ವರ್ಷ ಅಂತ ಇರುತ್ತೆ. ದಾಟಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ರೂ ತುಂಬೋ ಹಾಗಿಲ್ಲ. ಫೈಬರ್ ಮೇಲೆ ಆಳದ ಗೀರು, ಬ್ಯಾಟರಿ ಆಸಿಡ್ ಚೆಲ್ಲಿದ ಕಲೆ ಕಂಡ್ರೆ ತಯಾರಕರಿಗೆ ಫೋಟೋ ಕಳಿಸಿ, ನೀವೇ ಮೇಣ ಬಳಿದು ಮುಚ್ಚಬೇಡಿ. ಬಿಚ್ಚಿದ ಸೀಲ್ ಮತ್ತೆ ಹಾಕೋ ಹಾಗಿಲ್ಲ. ಜೋಡಿಸಿದ ಮೇಲೆ ಮೊದಲು ಕಮ್ಮಿ ಒತ್ತಡದಲ್ಲಿ ಸೋರಿಕೆ ದ್ರಾವಣ ಹಾಕಿ ನೋಡಿ, ಆಮೇಲೆ ಹಂತಹಂತವಾಗಿ ಏರಿಸಿ, ಪ್ರತಿ ಹಂತಕ್ಕೂ ಕೈಯಲ್ಲಿ ಹಿಡಿಯೋ ಡಿಟೆಕ್ಟರ್ ಎಲ್ಲ ಜೋಡಣೆಯ ಮೇಲೂ ಆಡಿಸಿ.